ಎಣಿಸುವ ಬೋರ್ಡಿನ ಒಡತಿ

ಆ ಲ್ಯಾಬಿನ ಮುಖ್ಯಸ್ಥರಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟಿದ್ದ ಹೆಸರು ‘ನಾವು ಸರ್’. ಕೆಲಸ ಗೆದ್ದರೆ “ನಾವು ಮಾಡಿದ್ವಿ” ಎನ್ನುತ್ತಿದ್ದರು. ಕೆಟ್ಟರೆ ಆ ‘ನಾವು’ ಒಳಗಿಂದ ತಾವೊಬ್ಬರೇ ಮೆಲ್ಲಗೆ ಇಳಿದುಹೋಗುತ್ತಿದ್ದರು. ಇಂಥ ಬಹುವಚನಕ್ಕೆ ವ್ಯಾಕರಣದಲ್ಲಿ ಏನೆನ್ನುತ್ತಾರೋ ತಿಳಿಯದು. ಆಫೀಸಿನಲ್ಲಿ ಅದಕ್ಕೆ ಬಡ್ತಿ ಎನ್ನುತ್ತಾರೆ.

ಅದೇ ಲ್ಯಾಬಿನ ಎಂಜಿನಿಯರು ನಮ್ಮ ಬೋರ್ಡಕ್ಕ. ಅಂಗೈಯಗಲದ ಒಂದು ಹಸಿರು ಬೋರ್ಡಿಗಾಗಿ ಕಣ್ಣು, ಕತ್ತು, ರಜೆ ಮೂರನ್ನೂ ಸವೆಸಿದ್ದರಿಂದ ಬಂದ ಹೆಸರು ಅದು. ಕಂಪ್ಯೂಟರಿನೊಳಗೆ ಚುರುಕಾದ ಮೆಮೊರಿ ಸ್ವಲ್ಪ ಇರುತ್ತದೆ, ನಿಧಾನದ ಮೆಮೊರಿ ಬೇಕಾದಷ್ಟಿರುತ್ತದೆ. ಪದೇ ಪದೇ ಬೇಕಾಗುವ ಮಾಹಿತಿ ಚುರುಕಿನದರಲ್ಲಿ ಇರಬೇಕು, ಅಪರೂಪದ್ದು ನಿಧಾನದ್ದಕ್ಕೆ ಹೋಗಬೇಕು. ಅಡುಗೆಮನೆಯಲ್ಲಿ ಉಪ್ಪು ಕೈಗೆಟುಕುವಲ್ಲಿ, ದೊಡ್ಡ ಪಾತ್ರೆ ಅಟ್ಟದ ಮೇಲೆ, ಅಷ್ಟೇ. ಆದರೆ ಯಾವುದು ಉಪ್ಪು, ಯಾವುದು ಪಾತ್ರೆ ಎಂದು ಹೇಳುವವರು ಯಾರು? ಯಂತ್ರವನ್ನೇ ಕೇಳಿದರೆ ಅದು ಕೆಲಸ ಬಿಟ್ಟು ಉತ್ತರ ಹೇಳುತ್ತಾ ಕೂರುತ್ತದೆ. ಬೋರ್ಡಕ್ಕನ ಬೋರ್ಡು ಪ್ರೊಸೆಸರಿಗೂ ಮೆಮೊರಿಗೂ ನಡುವೆ ಬಾಗಿಲಲ್ಲಿ ನಿಂತು, ಯಾರನ್ನೂ ತಡೆಯದೆ, ಎಲ್ಲಿಗೆ ಎಷ್ಟು ಸಲ ಹೋಗಿಬಂದರು ಎಂದು ಎಣಿಸುತ್ತಿತ್ತು.

ಅದಕ್ಕೊಂದು ವಿಚಿತ್ರ ಗುಣವಿತ್ತು. ಎಣಿಕೆಯನ್ನು ಓದಿದ ಕೂಡಲೇ ಅದು ಸೊನ್ನೆಯಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಜಾಗ ಉಳಿಸಲು ಆಕೆಯೇ ಹಾಗೆ ಮಾಡಿದ್ದು. ಹಾಗಾಗಿ ಅದನ್ನು ಒಬ್ಬರೇ ಓದಬೇಕು. ಇಬ್ಬರು ಓದಿದರೆ ಮೊದಲು ಕೈಹಾಕಿದವನಿಗೆ ಊಟ, ಎರಡನೆಯವನಿಗೆ ತೊಳೆದ ತಟ್ಟೆ.

ಇದನ್ನು ನಾವು ಸರ್‌ಗೆ ಆಕೆ ಹೇಳಲು ಹೋಗಿದ್ದಳು. “ಅಯ್ಯೋ, ಈ ಚಿಲ್ಲರೆ ವಿಷಯ ಎಲ್ಲಾ ನನಗ್ಯಾಕಮ್ಮಾ?” ಎಂದು ಅವರು ಫೋನು ತೆಗೆದುಕೊಂಡಿದ್ದರು.

ಆಮೇಲೆ ಆಕೆಯ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಸೊಸೆ ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತಿದ್ದಾಗ ನಾವು ಸರ್ ಆಡಳಿತ ಮಂಡಳಿಯ ಮುಂದೆ ಬೋರ್ಡನ್ನು ಮಂಡಿಸಿ ಚಪ್ಪಾಳೆ ತೆಗೆದುಕೊಂಡರು. ಆಕೆ ವಾಪಸು ಬರುವಷ್ಟರಲ್ಲಿ ಬೋರ್ಡಿನ ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ಅವರ ಹೆಸರು ಅಚ್ಚಾಗಿತ್ತು, ಆಕೆಯ ಮೇಜು ಜನರೇಟರಿನ ಪಕ್ಕದ ಕೋಣೆಗೆ ಸಾಗಿತ್ತು.

“ಸರ್, ಇದು ನನ್ನ ಡಿಸೈನು.”

“ಬೆಸುಗೆ ನಿಮ್ಮದು, ಒಪ್ಕೋತೀನಿ. ಬುದ್ಧಿ ನಂದು.”

ಬೆಸುಗೆಯ ಕಡ್ಡಿ ಕೈಯಲ್ಲೇ ಬಿಸಿಯಾಗಿತ್ತು. ಆಕೆ ಅದನ್ನು ಸ್ಟ್ಯಾಂಡಿಗೆ ಇಟ್ಟಳು. ಇಡುವುದಕ್ಕೆ ಬೇರೆ ಜಾಗ ಹೊಳೆದಿರಲಿಲ್ಲ ಎಂದಲ್ಲ.

ಮನೆಯಲ್ಲಿ ಅತ್ತೆ, ಒಂದು ಛತ್ರಿಯ ವಿಷಯಕ್ಕೆ ಸ್ವಂತ ತಂಗಿಯ ಜೊತೆ ಮಾತು ಬಿಟ್ಟವರು, ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಕೆಡದಂತೆ ಇಡಬಲ್ಲವರು. ಕೋಲು ಊರಿಕೊಂಡು ಬಂದು ಎದುರಿಗೆ ಕೂತರು.

“ನನ್ನ ಸೊಂಟ ಮುರಿದಾಗ ಕದ್ದನಲ್ಲ, ಹಾಗಾದ್ರೆ ಇದು ನನ್ನ ಜಗಳಾನೂ ಹೌದು. ಏನ್ಮಾಡ್ತೀಯ?”

“ಕೊಳ್ಳೋರು ನೋಡೋಕೆ ಬರ್ತಿದಾರೆ ಅತ್ತೆ. ಅವರು ಒಪ್ಪಿದ್ರೆ ಅವನ ಹೆಸರು ಅದ್ರಲ್ಲಿ ಶಾಶ್ವತ. ಒಪ್ಪದಿದ್ರೆ ಬೋರ್ಡು ಕಪಾಟು ಸೇರುತ್ತೆ. ಅವನನ್ನ ಕೆಡವೋಕೆ ಹೋದ್ರೆ ನನ್ನ ಮಗೂನೇ ಸಾಯುತ್ತೆ.”

“ಅವನ ಬಾಯಿ ಹೇಗೆ?”

“ಚೆನ್ನಾಗಿದ್ರೆ ನಾನು, ಕೆಟ್ರೆ ನೀನು ಅನ್ನೋ ಬಾಯಿ.”

ಅತ್ತೆಯ ಮುಖ ಅರಳಿತು. “ಹಾಗಾದ್ರೆ ಕೆಡಲಿ ಬಿಡೇ. ಅವನು ಬಾಯಿ ಬಿಡೋವರೆಗೂ ನೀನು ಬಾಯಿ ಬಿಡಬೇಡ.”

ಪ್ರದರ್ಶನದ ದಿನ ನಾವು ಸರ್ ಹೊಸ ಕೋಟು ತೊಟ್ಟಿದ್ದರು. ಗೋಡೆಯ ದೊಡ್ಡ ಪರದೆಯಲ್ಲಿ ಎಣಿಕೆ ಓಡುತ್ತಿತ್ತು. ಅದನ್ನು ಓದಿಕೊಂಡೇ ಯಂತ್ರ ಯಾವುದು ಎಲ್ಲಿರಬೇಕೆಂದು ತೀರ್ಮಾನಿಸುತ್ತಿತ್ತು. ಆದರೆ ಪದೇ ಪದೇ ಕತ್ತು ತಿರುಗಿಸಿದರೆ ಕೋಟಿನ ಕಾಲರು ಮುದುಡುತ್ತದಲ್ಲ! ಅವರು ಅದೇ ಪ್ರೋಗ್ರಾಮನ್ನು ತಮ್ಮ ಲ್ಯಾಪ್‌ಟಾಪಿನಲ್ಲೂ ತೆರೆದು ಎದುರಿಗಿಟ್ಟುಕೊಂಡರು. ಬೋರ್ಡಕ್ಕ ಹಿಂದಿನ ಸಾಲಿನಿಂದ ನೋಡಿದಳು. ಎಣಿಕೆ ಓದುವವರು ಈಗ ಇಬ್ಬರು. ಒಂದು ಮಾತು ಸಾಕಿತ್ತು. ತುಟಿ ಕಚ್ಚಿಕೊಂಡಳು.

ಲ್ಯಾಪ್‌ಟಾಪು ಎಣಿಕೆಯನ್ನೆಲ್ಲ ನುಂಗತೊಡಗಿತು. ಗೋಡೆಯ ಪರದೆಯಲ್ಲಿ ಸೊನ್ನೆಯ ಮೇಲೆ ಸೊನ್ನೆ. ಉಪ್ಪನ್ನು ಯಾರೂ ಮುಟ್ಟುತ್ತಿಲ್ಲವೆಂದು ತಿಳಿದ ಯಂತ್ರ ಅದನ್ನು ಅಟ್ಟಕ್ಕೇರಿಸಿತು. ಮೆಣಸು, ಎಣ್ಣೆ, ಸೌಟು ಎಲ್ಲವನ್ನೂ ಏರಿಸಿತು. ಕ್ಷಣದಲ್ಲಿ ಮುಗಿಯಬೇಕಾದ ಲೆಕ್ಕ ಏದುಸಿರು ಬಿಡುತ್ತಾ ತೆವಳಿತು.

ಕೊಳ್ಳಲು ಬಂದವರಲ್ಲಿ ಹಿರಿಯ ಹೆಂಗಸು ಕನ್ನಡಕ ತೆಗೆದರು. “ನಿಮ್ಮ ಬೋರ್ಡು ಇಲ್ಲದೇ ಇದ್ರೆ ಇದಕ್ಕಿಂತ ಬೇಗ ಓಡ್ತಿತ್ತೇನೋ?”

ನಾವು ಸರ್ ಬೆವರು ಒರೆಸಿಕೊಂಡರು. ಕೈ ತಾನಾಗಿಯೇ ಹಿಂದಿನ ಸಾಲಿನ ಕಡೆಗೆ ಚಾಚಿತು. “ಮೇಡಂ, ಇದನ್ನ ಮಾಡಿದ್ದು ಅವರು.”

ಬೋರ್ಡಕ್ಕ ಎದ್ದು ನಿಂತಳು. “ಕೇಳಿಸ್ಲಿಲ್ಲ ಸರ್. ಯಾರು ಮಾಡಿದ್ದು?”

“ನೀವು!”

“ಬೆಸುಗೆ ಮಾತ್ರ ಅಲ್ವಾ ಸರ್?”

“ಏನ್ರೀ ಬೆಸುಗೆ! ಡಿಸೈನು ನಿಮ್ಮದು, ತಂತಿ ತಂತಿಯೂ ನಿಮ್ಮದು, ತಲೆ ನಿಮ್ಮದು. ನಂದು ಇದ್ರಲ್ಲಿ ಏನೂ ಇಲ್ಲ!”

“ಎಲ್ಲರೂ ಕೇಳಿಸ್ಕೊಂಡ್ರಲ್ಲ?” ಎಂದಳು ಆಕೆ ಕೋಣೆಗೆಲ್ಲ. ಕೇಳದೇ ಇರಲು ಯಾರೂ ಕಿವುಡರಾಗಿರಲಿಲ್ಲ. ಮುಂದೆ ನಡೆದು ಬಂದು ಅವರ ಲ್ಯಾಪ್‌ಟಾಪಿನ ಪ್ರೋಗ್ರಾಮನ್ನು ನಿಲ್ಲಿಸಿ, ಮುಚ್ಚಳ ಟಪ್ಪೆಂದು ಮುಚ್ಚಿದಳು. ಗೋಡೆಯ ಮೇಲಿನ ಸೊನ್ನೆಗಳು ಮೈಮುರಿದು ಎದ್ದವು. ಅಟ್ಟದ ಮೇಲಿದ್ದದ್ದೆಲ್ಲ ಒಂದೊಂದಾಗಿ ಇಳಿಯಿತು, ತೆವಳುತ್ತಿದ್ದ ಲೆಕ್ಕ ಓಟ ಕಿತ್ತಿತು.

“ಒಬ್ಬರೇ ಓದ್ಬೇಕಾದ ಎಣಿಕೇನ ಇಬ್ಬರು ಓದ್ತಿದ್ರು ಮೇಡಂ. ಒಬ್ಬರೇ ಅನ್ನೋದು ಇದರ ನಿಯಮ. ಸರ್‌ಗೆ ಹೇಳೋಕೆ ಹೋಗಿದ್ದೆ, ಪುರುಸೊತ್ತಿರ್ಲಿಲ್ಲ.”

ಹಿರಿಯ ಹೆಂಗಸು ಕನ್ನಡಕ ಹಾಕಿಕೊಂಡು ಯಂತ್ರದೊಳಗಿನ ಬೋರ್ಡಿನ ಮೇಲೆ ಬಗ್ಗಿದರು. “ಮಾಡಿದ್ದು ಇವರಾದ್ರೆ ಇಲ್ಲಿ ನಿಮ್ಮ ಹೆಸರು ಯಾಕಿದೆ?”

ನಾವು ಸರ್ ಕೆಮ್ಮಿದರು. “ಅದು... ಪ್ರಿಂಟಿಂಗ್ ಮಿಸ್ಟೇಕು.”

“ಹೌದು ಮೇಡಂ,” ಎಂದಳು ಬೋರ್ಡಕ್ಕ, ಜೇನಿನಂಥ ದನಿಯಲ್ಲಿ. “ಸರಿ ಮಾಡ್ತೀವಿ. ನಾವು.”

ಕೊಳ್ಳುವವರು ಒಪ್ಪಿದರು. ಮುಂದಿನ ಬೋರ್ಡುಗಳ ನಕ್ಷೆ ಅಚ್ಚಿಗೆ ಹೋಗುವ ಮೊದಲು ಮುಖ್ಯಸ್ಥರ ಒಪ್ಪಿಗೆ ಬೇಕಿತ್ತು. ಆಕೆ ಅವರನ್ನು ಜನರೇಟರಿನ ಪಕ್ಕದ ಕೋಣೆಗೇ ಕರೆಸಿಕೊಂಡಳು, ಕುರ್ಚಿ ಸರಿಸಿಕೊಟ್ಟಳು, ಮೂಲೆಯಲ್ಲಿದ್ದ ಅವರ ಹೆಸರನ್ನು ಪರದೆಯ ತುಂಬ ದೊಡ್ಡದು ಮಾಡಿದಳು.

“ನೀವೇ ಅಳಿಸಿ ಸರ್.”

“ನೀವೇ ಅಳಿಸಬಹುದಿತ್ತಲ್ರೀ...”

“ಛೆ ಛೆ, ದೊಡ್ಡವರ ಹೆಸರು. ನಾನು ಹೇಗೆ ಕೈ ಹಾಕ್ಲಿ?”

ಇಡೀ ಹೆಸರನ್ನು ಒಂದೇ ಏಟಿಗೆ ಅಳಿಸುವ ದಾರಿ ಇತ್ತು. ಅವರು ಕೇಳಲಿಲ್ಲ, ಆಕೆ ಹೇಳಲಿಲ್ಲ. ಒಂದೊಂದೇ ಅಕ್ಷರ ಹೋಯಿತು. ಆಕೆ ಕಣ್ಣು ಮಿಟುಕಿಸದೆ ನೋಡಿದಳು. ಖಾಲಿಯಾದ ಮೂಲೆಯಲ್ಲಿ ತನ್ನ ಹೆಸರನ್ನೂ ಅವರ ಕೈಯಲ್ಲೇ ಬರೆಸಿದಳು.

ಸಂಜೆ ಅತ್ತೆ ಬಾಗಿಲಲ್ಲೇ ಕಾದಿದ್ದರು. ಸೊಸೆ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಕೇಳಿಸಿಕೊಂಡರು, ಅಳಿಸಿದ ಭಾಗವನ್ನು ಇನ್ನೊಮ್ಮೆ ಹೇಳಿಸಿಕೊಂಡರು.

“ಅತ್ನಾ?”

“ಇಲ್ಲ ಅತ್ತೆ.”

“ಹಾಗಾದ್ರೆ ಇನ್ನೂ ಮುಗಿದಿಲ್ಲ,” ಎಂದು ಕೋಲು ಊರಿಕೊಂಡು ಟೀ ಇಡಲು ಒಳಗೆ ಹೋದರು.