ಒರಳಿಗೆ ಬಿದ್ದ ಕಪ್ಪೆಚಿಪ್ಪು

ಮಗಳು ಕಾಲೇಜಿನ ಪ್ರವಾಸದಿಂದ ಬಂದವಳೇ ಬ್ಯಾಗಿನಿಂದ ಒಂದು ಕವರ್ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಸುರಿದಳು. ಕಪ್ಪೆಚಿಪ್ಪುಗಳು. ಸರಿಯಾಗಿ ತೊಳೆದಿರಲಿಲ್ಲ. ಉಪ್ಪು, ಕೊಳೆತ ಮೀನು ಬೆರೆತಂಥ ನಾತ ಮನೆಯಿಡೀ ಹರಡಿತು. ಅವಳು ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಜಂಗಮಕೋಟೆಯ ನಮ್ಮ ಬೀದಿ, ಪಕ್ಕದ ಮನೆಯ ಹಿತ್ತಿಲು, ಅಕ್ಕ...

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಪಕ್ಕದ ಮನೆಯ ಹಿರಿಮಗ ಕಡಲ ಕಡೆ ನೌಕರಿಯಲ್ಲಿದ್ದಾಗ ಮೆಚ್ಚಿ ಮದುವೆಯಾಗಿ ಕರೆತಂದ ಹೆಂಡತಿ. ಎರಡೂ ಮನೆಯವರಿಗೆ ಬೇಡವಾದ ಮದುವೆ. ತವರಿನಿಂದ ಅವಳ ಜೊತೆ ಬಂದದ್ದು ಒಂದಿಷ್ಟು ಸೀರೆ, ಒಂದು ಡಬ್ಬಿ ಕಪ್ಪೆಚಿಪ್ಪು. ಮಧ್ಯಾಹ್ನ ಮನೆಯವರೆಲ್ಲ ಹಿಪ್ಪುನೇರಳೆ ತೋಟಕ್ಕೆ ಹೋದಾಗ ಹಿತ್ತಿಲ ಮೆಟ್ಟಿಲ ಮೇಲೆ ಅವನ್ನು ಹರಡಿಕೊಂಡು ನನ್ನನ್ನು ಕರೆಯುತ್ತಿದ್ದಳು.

“ಇದು ನೋಡು ಮಗಾ, ಬೀಸಣಿಗೆಯ ಹಾಗೆ ಉಂಟಲ್ವಾ? ಗೆರೆ ಎಲ್ಲ ಬುಡಕ್ಕೆ ಬಂದು ಸೇರ್ತದೆ.”

ಇನ್ನೊಂದಕ್ಕೆ ಮೂರು ಮೂಲೆ, ಆದರೆ ಒಂದು ಬದಿ ಉದ್ದ, ಒಡೆದ ಕೊಬ್ಬರಿ ಚೂರಿನ ಹಾಗೆ. ಮತ್ತೊಂದು ಕ್ಷೌರದ ಕತ್ತಿಯ ಹಿಡಿಯಂತೆ ನೀಳ. ಒಂದು ಮುಂದಿನಿಂದ ಬರೀ ಗುಂಡಗೆ, ಪಕ್ಕಕ್ಕೆ ತಿರುಗಿಸಿದರೆ ಅರಳಿ ಎಲೆ. ಒರಟಾದ ಒಂದಕ್ಕೆ ಸ್ವಂತ ಆಕಾರವೇ ಇರಲಿಲ್ಲ. ಅಂಟಿಕೊಂಡ ಬಂಡೆ ಹೇಗೋ ಅದೂ ಹಾಗೆ ಎನ್ನುತ್ತಿದ್ದಳು. ಬಿಡಿ ಹೋಳುಗಳನ್ನು ಕಲಸಿಟ್ಟು ಜೋಡಿ ಹುಡುಕಲು ಹೇಳುತ್ತಿದ್ದಳು. ನೋಡಲು ಎಲ್ಲ ಒಂದೇ ಥರ. ಆದರೆ ಕೀಲಿನ ಹಲ್ಲುಗಳು ತಮ್ಮದೇ ಜೋಡಿಗಲ್ಲದೆ ಬೇರೆಯದಕ್ಕೆ ಕೂರುತ್ತಿರಲಿಲ್ಲ.

ಅವಳ ಅತ್ತೆಯನ್ನು ಬೀದಿಯ ಮಕ್ಕಳೆಲ್ಲ ಅಜ್ಜಿ ಎನ್ನುತ್ತಿದ್ದೆವು. ಸೊಸೆಯ ‘ಉಂಟು’ ಕೇಳಿದರೆ ಅಜ್ಜಿ ಬಾಯಿ ಸೊಟ್ಟ ಮಾಡಿ ಅಣಕಿಸುವುದು, ನಾವು ನಗುವುದು. ಹುಳು ಮನೆಯೊಳಗಂತೂ ಅಕ್ಕನಿಗೆ ಪ್ರವೇಶವಿರಲಿಲ್ಲ. ಮೀನು ತಿಂದ ಮೈಯ ವಾಸನೆಗೆ ರೇಷ್ಮೆ ಹುಳು ಸಾಯುತ್ತವಂತೆ.

ಒಂದು ಸಲ ಹುಳುಗಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ರೋಗ ಬಿತ್ತು. ಮೈ ಊದಿ, ಚರ್ಮ ಒಡೆದು, ಹಾಲಿನಂಥ ರಸ ಸೋರಿ ತಟ್ಟೆಗಟ್ಟಲೆ ಸತ್ತವು. ಅಜ್ಜಿ ನೇರವಾಗಿ ಅಕ್ಕನ ಡಬ್ಬಿ ತಂದು ಅಂಗಳದ ಒರಳಿನ ಪಕ್ಕ ಕುಕ್ಕಿದರು.

“ಸತ್ತ ಪ್ರಾಣಿ ಮೂಳೆ ಮನೇಲಿಟ್ಕೊಂಡ್ರೆ ಹುಳ ಉಳೀತದಾ? ಕುಟ್ಟು. ನಿನ್ ಕೈಯಾರೆ ಕುಟ್ಟು.”

ಅಕ್ಕ ಗಂಡನ ಕಡೆ ನೋಡಿದಳು. ಅವನು ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದ. “ಅಮ್ಮ ಹೇಳಿದ್ಮೇಲೆ ಮಾಡು” ಎಂದ, ತಲೆ ಎತ್ತದೆ.

ಬೀದಿಯ ಹೆಂಗಸರು ಬಂದು ನಿಂತರು. ನಾನು ಅಮ್ಮನ ಸೆರಗು ಹಿಡಿದಿದ್ದೆ. ಅಜ್ಜಿಗೆ ಹುರುಪು ಬಂತು. ಒಂದೊಂದೇ ಚಿಪ್ಪು ಎತ್ತಿ ಅಕ್ಕನ ಮುಖದೆದುರು ಹಿಡಿದರು.

“ಏಮ್ಮಾ, ಇದೇನಾಕಾರ? ಮಕ್ಕಳಿಗೆ ಹೇಳ್ತೀಯಲ್ಲ, ನಮಗೂ ಹೇಳು.”

“ಬೀಸಣಿಗೆ.”

“ಹಾಕು ಒರಳಿಗೆ.”

“...ಅರಳಿ ಎಲೆ.”

“ಹಾಕು.”

ಹೆಂಗಸರು ನಕ್ಕರು. ಅಮ್ಮನೂ ನಕ್ಕಳು. ಚಿಪ್ಪಿನ ಚೂರು ಸಿಡಿದು ಅಕ್ಕನ ಮುಂಗೈಯಲ್ಲಿ ರಕ್ತ ಬಂತು, ಒನಕೆ ನಿಲ್ಲಲಿಲ್ಲ. ಪುಡಿಯನ್ನು ತಿಪ್ಪೆಗೆ ಎಸೆದರು. ಮಿಕ್ಕ ಹುಳುಗಳೂ ವಾರದೊಳಗೆ ಸತ್ತವು.

ಆಮೇಲೆ ಅಕ್ಕ ನನ್ನನ್ನು ಹಿತ್ತಿಲಿಗೆ ಕರೆಯಲಿಲ್ಲ. ನಮ್ಮಂತೆಯೇ ಮಾತಾಡಲು ಕಲಿತಳು. ನಾನು ಮದುವೆಯಾಗಿ ಚಿಂತಾಮಣಿಗೆ ಬಂದೆ.

ವರ್ಷಗಳ ಮೇಲೆ ತವರಿಗೆ ಹೋಗಿದ್ದಾಗ, ಅಜ್ಜಿಗೆ ಲಕ್ವ ಹೊಡೆದಿದೆ ಎಂದು ತಿಳಿದು ನೋಡಲು ಹೋದೆ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಅಕ್ಕ ಮಂಚದ ಪಕ್ಕ ನೀರಿನ ಲೋಟ ಹಿಡಿದು ಕೂತಿದ್ದಳು.

“ಹೇಳಿ ಅತ್ತೆ, ಇದೇನಾಕಾರ? ಹೇಳಿದ್ರೆ ಕುಡಿಸ್ತೀನಿ.”

ಅಜ್ಜಿಯ ಬಾಯಿಂದ ‘ಬ... ಬ...’ ಎಂದಷ್ಟೇ ಹೊರಟಿತು. ತುಟಿ ಒಣಗಿ ಬಿರಿದಿತ್ತು.

“ಗುಂಡಗಿದೆಯಾ, ಚಪ್ಪಟೆಯಾ? ನಿಧಾನವಾಗಿ ಹೇಳಿ. ನನಗೇನೂ ಕೆಲಸ ಇಲ್ಲ.”

“ಅಕ್ಕಾ, ನೀರು ಕೊಡಕ್ಕ” ಎಂದೆ.

“ಕೊಡ್ತೀನಿ ಕಣೇ. ಅವತ್ತು ಯಾರಾದ್ರೂ ಸಾಕು ಅಂದ್ರಾ?” ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗಿನಿಂದ ಅಜ್ಜಿಯ ಕಣ್ಣೊರೆಸಿ, ಲೋಟವನ್ನು ಕಿಟಕಿಯ ಮೇಲಿಟ್ಟಳು. ಅವಳ ಗಂಡ ಜಗಲಿಯಲ್ಲಿದ್ದ. ಎಲ್ಲವೂ ಕೇಳಿಸುವಷ್ಟು ಹತ್ತಿರ.

ನಾನೇ ಲೋಟ ತೆಗೆದು ಅಜ್ಜಿಗೆ ಕುಡಿಸಿದೆ. ಗಂಟಲಿಗಿಂತ ಹೆಚ್ಚು ದಿಂಬಿಗೆ ಹೋಯಿತು. ಅಕ್ಕ ನೋಡುತ್ತ ನಿಂತಿದ್ದಳು.

“ಕುಡಿಸು, ಕುಡಿಸು. ನಾಳೆ ನೀನು ಚಿಂತಾಮಣಿಗೆ ಹೋಗ್ತೀಯಲ್ಲ.”

ಹೋದೆ. ಅಜ್ಜಿ ಆ ಬೇಸಿಗೆ ಪೂರ್ತಿ ಬದುಕಿದ್ದರು ಎಂದು ಅಮ್ಮ ಆಮೇಲೆ ಹೇಳಿದಳು.

ಕಟ್ಟೆಯ ಮೇಲಿನ ಚಿಪ್ಪುಗಳನ್ನು ಎತ್ತಿ ಬೀಸಣಿಗೆ, ಅರಳಿ ಎಲೆ ಎಂದು ಮಗಳಿಗೆ ತೋರಿಸಿದೆ. “ಈ ಆಕಾರಗಳೆಲ್ಲ ನಿನಗೆ ಯಾರಮ್ಮ ಹೇಳಿಕೊಟ್ಟಿದ್ದು?” ಮಗಳು ಚಿಪ್ಪುಗಳ ಫೋಟೋ ತೆಗೆಯುತ್ತ ಕೇಳಿದಳು. ಪಕ್ಕದ ಮನೆ ಅಕ್ಕ ಎಂದೆ. ಅವರಿಗೂ ಫೋಟೋ ಕಳಿಸೋಣ, ನಂಬರ್ ಕೊಡು ಎಂದಳು.

“ಹೋದ ವರ್ಷ ತೀರಿಕೊಂಡ್ರು.”

“ನೀನು ಹೋಗಿದ್ಯಾ?”

ಇಲ್ಲ. ಸುದ್ದಿ ಬಂದಾಗ ಸೀರೆ ಉಟ್ಟು ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದೆ. ಜಂಗಮಕೋಟೆ ದೂರವೇನಲ್ಲ. ಆದರೆ ಯಾರ ಮುಖ ನೋಡಲು ಹೊರಟಿದ್ದೇನೆ ಎಂದೇ ತಿಳಿಯಲಿಲ್ಲ... ಬಸ್ಸು ಬಂತು, ಹೋಯಿತು. ನಾನು ಯಾರಿಗಾಗಿ ಅಳಬೇಕಿತ್ತೋ ಆ ಅಕ್ಕ ಎಂದೋ ಆ ಒರಳಿನ ಮುಂದೆಯೇ ಹೋಗಿಬಿಟ್ಟಿದ್ದಳು, ಆಗ ನಾನು ಅತ್ತಿರಲಿಲ್ಲ.