ಗುಮ್ಮಟಕ್ಕೆ ಗಾರೆ ಹಚ್ಚುವ ಹೊಳೆಪ್ಪ

ನಮ್ಮೂರ ಹೊಳೆಪ್ಪ ಕಾಕಾನದು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ. ಗುಡಗೇರಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವಾಗಲೂ ಹಾಗೇ, ಹೆಂಡತಿ ಮಲ್ಲಕ್ಕನ ಮುಂದೂ ಹಾಗೇ. ಒಂದು ವಿಷಯದಲ್ಲಿ ಮಾತ್ರ ಆ ಹಠವನ್ನು ಊರೇ ಕೊಂಡಾಡುತ್ತಿತ್ತು. ಪ್ರತಿ ವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ, ಮಠದ ದಾಸೋಹದ ಮನೆಯ ದೊಡ್ಡ ಗುಮ್ಮಟ ಸೋರದಂತೆ ಗಾರೆ ಹಚ್ಚುವುದು ಅವರ ಮನೆತನದ ಸೇವೆ. ಹಳೇ ಗಾರೆ ಕೆರೆಯುವಂತಿಲ್ಲ; ಹಿರಿಯರ ಸೇವೆಯನ್ನೇ ಕೆರೆದು ಚೆಲ್ಲಿದಂತಾಗುತ್ತದೆ. ಅದರ ಮೇಲೇ ಹೊಸದು. ಹೀಗೆ ತಲೆಮಾರುಗಳಿಂದ ಗುಮ್ಮಟ ದಪ್ಪವಾಗುತ್ತಾ ಬಂದಿತ್ತು. ನಾವು ಅದನ್ನು ಗಟ್ಟಿ ಎಂದುಕೊಂಡಿದ್ದೆವು.

ಹೋದ ವರ್ಷ ಬೇಸಿಗೆಯಲ್ಲಿ ಭೂಮಿ ಸಣ್ಣಗೆ ನಡುಗಿ, ಗುಮ್ಮಟದ ಬುಡ ಬಿರುಕು ಬಿಟ್ಟಿತು. ಊರ ಮಗಳೇ, ಹುಬ್ಬಳ್ಳಿಯಲ್ಲಿ ಇಂಜಿನಿಯರ್ ಆಗಿರುವ ಶೈಲಶ್ರೀ, ಬಂದು ನೋಡಿದಳು.

"ಕಾಕಾ, ಗುಮ್ಮಟ ತನ್ನ ಭಾರಕ್ಕ ಬುಡದಾಗ ಹೊರಗ ಒತ್ತತೈತ್ರಿ. ನೆಲ ಅಳ್ಳಾಡಿದ್ರ, ಭಾರ ಇದ್ದಷ್ಟೂ ಜಾಸ್ತಿ ಜಗ್ಗತೈತಿ. ಮ್ಯಾಲಿನ ಗಾರಿ ಎಲ್ಲಾ ತಗದು, ಬಂಡಿ ಗಾಲಿಗೆ ಹಾಕಿದಂಗ ಬುಡದ ಸುತ್ತ ಕಬ್ಬಿಣದ ಪಟ್ಟಿ ಬಿಗೀಬೇಕ್ರಿ. ಅಲ್ಲೀತನಕ ಒಳಗ ಯಾರೂ ಕುಂಡ್ರಬಾರ್ದು."

"ನಮ್ಮಪ್ಪ, ನಮ್ಮಜ್ಜ ಹಚ್ಚಿದ್ದು ಐತಿ ಯವ್ವಾ ಅದು. ಕೆರಿಯೂದಿದ್ರ ಮೊದ್ಲ ನನ್ನ ಕೆರೀರಿ" ಎಂದು ಕಾಕಾ ನಿಚ್ಚಣಿಕೆಯ ಬುಡದಲ್ಲಿ ಕೂತೇಬಿಟ್ಟ. ಊರ ಹಿರಿಯರು ಹಲ್ಲು ಕಿಸಿದು, "ಮುಂದಿನ ವರ್ಷ ನೋಡೂಣು" ಎಂದರು. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಲ್ಲಕ್ಕ ಒಬ್ಬಳೇ ಎದುರು ಮಾತಾಡಿದ್ದು: "ಒಳಗ ರೊಟ್ಟಿ ಬಡಿಯಾಕಿ ನಾನು. ನೀವು ಹೊರಗ ನಿಂತಿರ್ತೀರಿ." ಕಾಕಾ ಆ ಸಲವೂ ಗಾರೆ ಹಚ್ಚಿದ. ಬಿರುಕಿಗೂ ಮೆತ್ತಿ ಮುಚ್ಚಿದ.

ಶ್ರಾವಣದ ಒಂದು ಸೋಮವಾರ ಮತ್ತೆ ನೆಲ ನಡುಗಿತು. ಊರ ಮನೆಗಳಲ್ಲಿ ಪಾತ್ರೆ ಪಗಡ ಉರುಳಿದವು, ಅಷ್ಟೇ. ಗುಮ್ಮಟ ಮಾತ್ರ ಬುಡದಲ್ಲಿ ಬಾಯಿಬಿಟ್ಟು ಒಳಗೆ ಕುಸಿಯಿತು. ರೊಟ್ಟಿ ಬಡಿಯುತ್ತಿದ್ದ ಉಳಿದ ಹೆಂಗಸರು ಆಗಷ್ಟೇ ಕಟ್ಟಿಗೆ ತರಲು ಹೊರಗೆ ಹೋಗಿದ್ದರು. ಒಲೆಯ ಮುಂದೆ ಮಲ್ಲಕ್ಕ ಒಬ್ಬಳೇ ಇದ್ದಳು. ಅವಳ ಮೇಲಿದ್ದ ಗಾರೆಯ ಹೆಂಟೆ ಸರಿಸಲು ಗಟ್ಟಿ ಆಳುಗಳೇ ತಿಣುಕಾಡಬೇಕಾಯಿತು.

ಮಣ್ಣು ಮಾಡಿ ಬಂದ ಮೇಲೆ ಹಿರಿಯರೆಲ್ಲ ಕಾಕಾನ ಮನೆಯ ಕಟ್ಟೆಗೆ ಬಂದು ಕೂತರು.

"ದೇವರ ಇಚ್ಛಾ, ಹೊಳೆಪ್ಪ. ಪುಣ್ಯವಂತಿ, ಮಠದಾಗ ಪ್ರಾಣ ಬಿಟ್ಟಳು" ಎಂದ ಅವರಲ್ಲಿ ಹಿರಿಯನಾದ ಮುದಕಪ್ಪ.

ಕಾಕಾ ಎದ್ದು ನಿಂತ. "ದೇವರ ಮ್ಯಾಲೆ ಹಾಕಬ್ಯಾಡ್ರಿ. ಕೆರೀತೀವಿ ಅಂದವರನ್ನ ತಡದಾಂವ ನಾನು. ಒಬ್ಬರಾದ್ರೂ ನನಗ ಬೈರಿ."

ಎಲ್ಲರೂ ತಲೆ ತಗ್ಗಿಸಿ ಚಹಾ ಕುಡಿದರು.