ಅಪ್ಪನ ಓರಗೆಯ ಬಣ್ಣ

ಗಂಡ ಸತ್ತ ದಿನ ನೂನ್ಕಿಪಾ ಮೈಮೇಲಿನ ಮಣಿಗಳನ್ನೆಲ್ಲ ಬಿಚ್ಚಿ ಚರ್ಮದ ಚೀಲಕ್ಕೆ ಹಾಕಿದಳು. ಆಮೇಲೆ ಮಣಿ ಮುಟ್ಟಿರಲಿಲ್ಲ. ಈಗ ಮುಟ್ಟಲೇಬೇಕಾಯಿತು. ಮಗಳು ಸಿಲಾಂಟೊಯ್ ನಾಳೆ ಬೆಳಿಗ್ಗೆ ಗಂಡನ ಮನೆಗೆ ಹೊರಡುವವಳು. ಮದುಮಗಳ ಕೊರಳಪಟ್ಟಿಯನ್ನು ಹೆತ್ತವಳೇ ಪೋಣಿಸಬೇಕು. ಒಳಸುತ್ತುಗಳು ಹೇಗೋ ಮುಗಿದಿದ್ದವು. ಅಂಚು ಬಾಕಿ.

ಜನ ನೋಡುವುದು ಅಂಚನ್ನೇ. ಒಟ್ಟಿಗೆ ಯೋಧರಾದ ಗಂಡಸರದು ಒಂದು ಓರಗೆ. ಒಂದೊಂದು ಓರಗೆಗೂ ಹೆಂಗಸರು ಒಂದೊಂದು ಬಣ್ಣದ ವರಸೆ ಕಟ್ಟಿರುತ್ತಾರೆ. ಮದುಮಗಳ ಅಂಚಿಗೆ ಗಂಡನ ಓರಗೆಯ ವರಸೆಯೇ ಬರಬೇಕು. ಅಳಿಯನ ಓರಗೆಯದು ಕಿತ್ತಳೆ, ಬಿಳಿ, ಹಸಿರು. ಅವಳಿಗೆ ಗೊತ್ತಿತ್ತು. ಬಾಯಲ್ಲಿ ಹೇಳಿಕೊಳ್ಳುತ್ತಲೇ ಪೋಣಿಸಿದಳು.

ಸವತಿ ನೋಲಾರಿ ಚಹಾ ತಂದವಳು ಪಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದಳು. ಅಂಚೆಲ್ಲ ಕೆಂಪು, ನೀಲಿ. ಸತ್ತವನ ಓರಗೆಯ ವರಸೆ.

"ಅಕ್ಕಾ, ಇದನ್ನ ಹಾಕ್ಕೊಂಡು ಹೋದ್ರೆ ಹುಡುಗೀನ ಅವಳಪ್ಪನ ಜೊತೆಯವನಿಗೇ ಕೊಟ್ರು ಅಂತಾರೆ. ಬೀಗಿತ್ತಿ ಹೆಣ್ಣಿಗೆ ಅಂತ ಕೊಟ್ಟ ಹಸುಗಳನ್ನೆಲ್ಲ ವಾಪಸ್ ಹೊಡ್ಕೊಂಡು ಹೋಗ್ತಾಳೆ, ನೋಡ್ತಿರು."

ನೂನ್ಕಿಪಾ ಬಿಚ್ಚಿದಳು. ಮತ್ತೆ ಪೋಣಿಸಿದಳು. ಮತ್ತೆ ಕೆಂಪು, ಅದರ ಪಕ್ಕ ನೀಲಿ. ಹುಡುಗಿಯಾಗಿದ್ದಾಗ ಅವನಿಗೆಂದು ಕಲಿತ ಕೈ ಅದು. ಕಿತ್ತಳೆ ಎತ್ತಿ ಹಸಿರಿನ ಪಕ್ಕ ಇಟ್ಟಳು. ಅಲ್ಲ ಅನ್ನಿಸಿತು. ಬಿಳಿಯ ಪಕ್ಕ ಇಟ್ಟಳು. ಅದೂ ಅಲ್ಲ. ಯಾವುದು ಸರಿ ಎನ್ನುವುದೇ ಮರೆತುಹೋಯಿತು.

ಸಿಲಾಂಟೊಯ್ ಹತ್ತಿರ ಬಂದು ಕೂತಳು. "ಇರ್ಲಿ ಬಿಡವ್ವ. ಅಪ್ಪಂದೇ ಹಾಕ್ಕೊಂಡು ಹೋಗ್ತೀನಿ."

ನೂನ್ಕಿಪಾಗೆ ಸಿಟ್ಟು ಬಂತು. ಅಪ್ಪನ ಓರಗೆಯವರೆಲ್ಲ ಹುಡುಗಿಗೆ ಅಪ್ಪಂದಿರೇ. ಆ ಬಣ್ಣದಲ್ಲಿ ಹೆಂಡತಿಯಾಗಿ ಹೋಗುವುದೆಂದರೇನು? ಬಾಯಿ ಮುಚ್ಚಿಕೊಂಡು ಕೂತಿರು ಎಂದು ಗದರಿದಳು. ಸಿಟ್ಟು ಮಗಳ ಮೇಲೋ ಕೈಯ ಮೇಲೋ ಅವಳಿಗೇ ತಿಳಿಯಲಿಲ್ಲ.

ನೋಲಾರಿ ಕೆಂಪು, ನೀಲಿ ಮಣಿಗಳನ್ನೆಲ್ಲ ಬಾಚಿ ತನ್ನ ಸೆರಗಿಗೆ ಕಟ್ಟಿಕೊಂಡು ಎದುರು ಕೂತಳು. ಅವಳ ಕೊರಳೂ ಬೋಳೇ. ಅವಳದೂ ಅದೇ ಗಂಡ.

"ನೀನು ನೋಡ್ಬೇಡ. ನಾನು ಕೊಟ್ಟಿದ್ದು ಪೋಣಿಸು."

ಒಂದೊಂದೇ ಮಣಿ ಕೊಟ್ಟಳು. ನೂನ್ಕಿಪಾ ಕುರುಡಿಯ ಹಾಗೆ ಪೋಣಿಸಿದಳು. ಮೇಯಲು ಹೋದ ದನಗಳು ಮರಳುವ ಹೊತ್ತಿಗೆ ಅಂಚು ಮುಗಿಯಿತು. ಸಿಲಾಂಟೊಯ್ ಕೊರಳಿಗೆ ಹಾಕಿಕೊಂಡು ತಿರುಗಿ ತೋರಿಸಿದಳು.

"ಚೆನ್ನಾಗಿದೆಯಾ?" ನೂನ್ಕಿಪಾ ನೋಲಾರಿಯನ್ನು ಕೇಳಿದಳು. ಚೆನ್ನಾಗಿದೆ ಎಂದಳು ನೋಲಾರಿ. ನೂನ್ಕಿಪಾ ಮತ್ತೂ ಒಮ್ಮೆ ಕೇಳಿದಳು. ತನಗೆ ಬಣ್ಣಗಳು ಕಾಣುತ್ತಿದ್ದವು, ಚಂದ ಕಾಣುತ್ತಿರಲಿಲ್ಲ.

ನೋಲಾರಿ ಸೆರಗಿನ ಗಂಟು ಬಿಚ್ಚಿ ಕೆಂಪು, ನೀಲಿ ಮಣಿಗಳನ್ನು ಅವಳ ಅಂಗೈಗೆ ಸುರಿದಳು. "ಇದು ನಿಂಗೆ. ಸೂತಕ ಕಳೆದ್ಮೇಲೆ ಮತ್ತೆ ಹಾಕ್ಕೊಳ್ಳೋ ದಿನ ಬರುತ್ತಲ್ಲ."

ಬರುತ್ತದೆಯೇ? ಬಂದರೆ ಹಾಕಿಕೊಳ್ಳುವುದೇ? ಚರ್ಮದ ಚೀಲಕ್ಕೆ ಹಾಕಬೇಕೋ, ಪೋಣಿಸುವ ಮಣಿಗಳ ಡಬ್ಬಿಗೋ, ಅದೂ ಗೊತ್ತಾಗಲಿಲ್ಲ. ಹೊರಗೆ ಕರುಗಳು ಕೂಗಿಕೊಳ್ಳತೊಡಗಿದವು. ಹಾಲು ಕರೆಯಲು ಎರಡು ಕೈಯೂ ಬೇಕು. ಮುಷ್ಟಿ ಬಿಗಿಹಿಡಿದುಕೊಂಡೇ ಅವಳು ಬಾಗಿಲಲ್ಲಿ ನಿಂತಳು.